ಗಡಿಯಾಚೆ ಓಗೊಟ್ಟವರು

ಆ ಮನೆಯ ಬಾಗಿಲು ನೀಲಿಯೋ ಹಸಿರೋ ಎಂಬುದರಲ್ಲಿ ನನಗೂ ಅಕ್ಕನಿಗೂ ಇವತ್ತಿಗೂ ಒಮ್ಮತವಿಲ್ಲ. ನಾವು ಹೋದ ದಿನ ಒಳಗೆ ಅತ್ತೆ ಇರಲಿಲ್ಲ ಎಂಬುದನ್ನು ಮಾತ್ರ ಇಬ್ಬರೂ ಒಪ್ಪುತ್ತೇವೆ. ಆಕೆ ತೀರಿಕೊಂಡು ವರ್ಷ ತುಂಬಿತ್ತು.

ಅಕ್ಕ ಇರುವುದು ಕುರುಗೋಡಿನಲ್ಲಿ. ಅಲ್ಲಿನ ಒಂದು ಖಾಸಗಿ ಶಾಲೆಯಲ್ಲಿ ಪುಸ್ತಕದ ಕೋಣೆ ನೋಡಿಕೊಳ್ಳುತ್ತಾಳೆ. ಸರ್ಕಾರಿ ಕಾಲೇಜಿನಲ್ಲಿ ಗ್ರಂಥಪಾಲಕಿ ಆಗಬೇಕೆಂಬುದು ಅವಳ ಆಸೆ. ಅದಕ್ಕೊಂದು ಪದವಿ ಬೇಕು, ವಯಸ್ಸಿನ ಮಿತಿ ಮೀರುವುದರೊಳಗೆ ಬೇಕು. ಗಡಿಯಾಚೆಯ ಒಂದು ವಿಶ್ವವಿದ್ಯಾಲಯ ಅದನ್ನು ಆನ್‌ಲೈನಿನಲ್ಲಿ ಕಲಿಸುತ್ತಿತ್ತು. ಆದರೆ ಅದಕ್ಕೆ ಪರವಾನಗಿ ಇದ್ದದ್ದು ಆ ರಾಜ್ಯದಲ್ಲಿ ವಾಸವಿರುವವರಿಗೆ ಕಲಿಸಲು ಮಾತ್ರ. ಪಾಠ ಗಾಳಿಯಲ್ಲಿ ಎಲ್ಲಿಗೆ ಬೇಕಾದರೂ ಬರಬಹುದು, ಕಲಿಯುವವಳು ಗೆರೆಯ ಆಚೆ ಕೂತಿರಬೇಕು. ಬಳ್ಳಾರಿಯಲ್ಲಿ ಪ್ರವೇಶ ಮಾಡಿಸಿಕೊಡುವವನು ನಕ್ಕಿದ್ದ. "ಆಕಡಿ ಬೀಗ್ರು ಬಿಜ್ರು ಯಾರೂ ಇಲ್ಲೇನ್ರಿ ಅಕ್ಕಾರ? ಈ ಊರಾಗ ಅರ್ಧ ಮಂದಿಗೆ ಅದಾರ."

ನಮಗೂ ಇದ್ದಳು, ಸಿರುಗುಪ್ಪ ದಾಟಿ ಗಡಿ ಕಳೆದ ಮೇಲೆ ಸಿಗುವ ಹಳ್ಳಿಯಲ್ಲಿ ಒಬ್ಬ ಸೋದರತ್ತೆ. ಅವಳ ವಿಳಾಸ ಕೊಡಲೇ ಎಂದು ನಾನು ಫೋನಿನಲ್ಲಿ ಕೇಳಿದಾಗ, "ಇಲ್ಲೇ ಅದಾಳ ಅಂತ ಬರಕೊಳ್ಲೇ. ಒಂದಿನ ಬಂದು ಉಂಡು ಹೋಗಂತ ಹೇಳು ಆಕಿಗಿ, ಸುಳ್ಳು ಅರ್ಧ ಕಡಿಮಿ ಆಗ್ತೈತಿ," ಎಂದಳು. ಅಕ್ಕ ಉಣ್ಣಲು ಹೋಗಲಿಲ್ಲ. ಶಾಲೆ, ಮನೆ, ಪಾಠ. ಅಷ್ಟರಲ್ಲಿ ಅತ್ತೆ ಹೋದಳು. ವಿಳಾಸ ಉಳಿಯಿತು.

ರೆಕಾರ್ಡ್ ಮಾಡಿಟ್ಟ ಪಾಠ ನಡುನಡುವೆ ತಾನೇ ನಿಂತು, "ಉನ್ನಾರಾ?" ಎಂದು ತೆಲುಗಿನಲ್ಲಿ ಕೇಳುತ್ತಿತ್ತು: ಇದ್ದೀರಾ? ಒತ್ತದಿದ್ದರೆ ಹಾಜರಿ ಇಲ್ಲ. ನಾನು ಬಳ್ಳಾರಿಯ ಪಾರ್ವತಿನಗರದಿಂದ ಕುರುಗೋಡಿಗೆ ಹೋದ ಭಾನುವಾರಗಳಲ್ಲಿ ಅಕ್ಕ ಅಡುಗೆಮನೆಯಿಂದಲೇ ಕೂಗುವಳು, "ಕೈ ಹಿಟ್ಟಾಗೈತಿ, ಅದೀನಿ ಅಂತ ಒತ್ತಲೇ!" ನಾನು ಒತ್ತುತ್ತಿದ್ದೆ. ಅವಳು ಇದ್ದಳು, ಅದು ಕೇಳಿದ ಕಡೆ ಅಲ್ಲ ಅಷ್ಟೆ.

ಕೊನೆಯ ಪರೀಕ್ಷೆಗೆ ಮುಂಚೆ ಹೊಸ ನಿಯಮ ಬಂತು. ಗಡಿಯೀಚೆಯವರು ಆಚೆಯ ವಿಳಾಸ ಕೊಟ್ಟು ಸೇರುತ್ತಿದ್ದಾರೆಂಬ ದೂರಿನಿಂದ, ಪ್ರತಿಯೊಬ್ಬರೂ ಕೊಟ್ಟ ವಿಳಾಸದ ಮನೆಯಲ್ಲೇ ಕೂತು ವಿಡಿಯೊ ಕರೆಯಲ್ಲಿ ಮುಖ ತೋರಿಸಬೇಕು. ಬಸ್ಸು ಹಿಡಿದು ಹೋದೆವು. ಪಕ್ಕದ ಮನೆಯಾಕೆ ಬೀಗದ ಕೈ ಕೊಟ್ಟು ಹತ್ತಿ ಬಿಡಿಸಲು ಹೊಲಕ್ಕೆ ಹೊರಟುಹೋದಳು. ಮಟಮಟ ಮಧ್ಯಾಹ್ನ. ಅಕ್ಕ ಪಡಸಾಲೆಯ ಧೂಳು ಒರೆಸಿ ಕೂತಳು. ನಾನು ಕಾಣಿಸದ ಹಾಗೆ ಒಳಕೋಣೆಯ ಬಾಗಿಲ ಹಿಂದೆ ನಿಂತೆ. ನಿಂತೆನೆಂದೇ ನೆನಪು. ಅಂಗಳದಲ್ಲಿದ್ದೆ ಎಂದು ಅನಿಸುವ ದಿನಗಳೂ ಇವೆ. ಆಗ ಅಂಗಳದ ಬಿಸಿಲೂ ನೆನಪಾಗುತ್ತದೆ.

ಕರೆ ಮಾಡಿದವನು ಚಿಕ್ಕ ಹುಡುಗನಂತಿದ್ದ, ಮರ್ಯಾದಸ್ಥ. "ಇಂಟ್ಲೋ ಇಂಕಾ ಎವರುಂಟಾರಮ್ಮಾ?" ಮನೆಯಲ್ಲಿ ಇನ್ನು ಯಾರಿರುತ್ತಾರೆ ಎಂದು ಕೇಳಿದ.

"ಮಾ ಅತ್ತ," ಎಂದುಬಿಟ್ಟಳು ಅಕ್ಕ. ನಮ್ಮತ್ತೆ.

"ಒಕ್ಕಸಾರಿ ಪಿಲವಂಡಿ."

ಒಂದು ಸಲ ಕರೆಯಿರಿ. ತೀರಿಹೋದವರನ್ನು ಹೊಸ್ತಿಲೊಳಗೆ ಕೂತು ಕೂಗಬಾರದೆಂದು ನಮ್ಮಲ್ಲಿ ಹೇಳುತ್ತಾರೆ. ಅಕ್ಕ ಕತ್ತು ತಿರುಗಿಸಿ ಒಳಗೆ ನೋಡಿದಳು. "ಅತ್ತೀ," ಎಂದಳು. ಮೆತ್ತಗೆ. ಆಮೇಲೆ ಗಟ್ಟಿಯಾಗಿ, "ಅತ್ತೀ!"

"ಓ."

ಹೆಂಗಸಿನ ದನಿ, ಹಿಂದುಗಡೆಯಿಂದ. ಅಥವಾ ನನ್ನದೇ. ಅಥವಾ ಬೀದಿಯಲ್ಲಿ ಯಾರೋ ಇನ್ಯಾರಿಗೋ ಓಗೊಟ್ಟದ್ದು. ಪಕ್ಕದ ಮನೆಯಾಕೆ ಸಂಜೆತನಕ ಹೊಲದಲ್ಲೇ ಇದ್ದಳಂತೆ. ಹುಡುಗನಿಗೆ ಅಷ್ಟು ಸಾಕಾಗಿತ್ತು. "ಸರೇನಮ್ಮಾ," ಎಂದು ಫೋನು ಇಟ್ಟ. ಅಕ್ಕ ಕೂತಲ್ಲೇ ಕೂತಿದ್ದಳು. ಹೊರಡುವಾಗ ಬೀಗ ಹಾಕಿ ಎರಡು ಸಲ ಎಳೆದು ನೋಡಿದಳು. ಆ ಹಗಲಿನ ಬಗ್ಗೆ ನಾವು ಬಹಳ ದಿನ ಮಾತೆತ್ತಲಿಲ್ಲ.

ಪದವಿ ಬಂತು. ಹುದ್ದೆಗೆ ಅರ್ಜಿಯನ್ನೂ ಕರೆದರು, ನಮ್ಮ ಭಾಗದಲ್ಲಿ ವಾಸವಿರುವವರಿಗೇ ಮೀಸಲಾದದ್ದು. ಅವಳ ವಯಸ್ಸಿಗೆ ಅದೇ ಕೊನೆಯದು. ದಾಖಲೆ ಪರಿಶೀಲನೆಗೆ ಬಳ್ಳಾರಿಯ ಕಚೇರಿಗೆ ನಾನೂ ಜೊತೆಗೆ ಹೋದೆ. ಗುಮಾಸ್ತರು ಒಳ್ಳೆಯವರು, ವಾಸದ ದಾಖಲೆಯನ್ನೂ ಪದವಿಯ ಕಾಗದವನ್ನೂ ಪಕ್ಕಪಕ್ಕ ಇಟ್ಟು ಕನ್ನಡಕದ ಮೇಲಿಂದ ನೋಡಿದರು.

"ಏನ್ರಿ ತಾಯಿ, ಇದರಾಗ ಕುರುಗೋಡಾಗ ಅದೀರಿ, ಇದರಾಗ ಗಡಿ ಆಕಡಿ ಅದೀರಿ. ಅದೇ ಎರಡು ವರ್ಸ. ಏನು ಅವತಾರೇನು?"

ಗುಮಾಸ್ತರು ಪದವಿಯ ಕಾಗದದ ಮೇಲೆ ಬೆರಳಿಟ್ಟರು.

"ಆಕಡಿ ಇದ್ದಿಲ್ಲಂದ್ರ ಈ ಪದವಿ ನಡೆಂಗಿಲ್ರಿ, ಅವರಿಗೆ ಈಕಡಿಯವರಿಗೆ ಕಲಿಸಾಕ ಪರವಾನಗಿ ಇಲ್ಲ. ಹೋಗಲಿ, ಪಾಠದ ಸಲುವಾಗಿ ಹೋಗಿ ಬಂದು ಮಾಡ್ತಿದ್ರಿ ಅನ್ನೋಣ. ಆ ಮನಿ ಯಾರದು? ಅವರ ಕಡಿಂದ ಒಂದು ಮಾತು ಬರೆಸ್ಕೊಂಡು ಬರ್ರಿ, ನಾ ನೋಡ್ತೀನಿ."

"ಅವರು ಇಲ್ರಿ."

"ಇಲ್ಲಂದ್ರ ಬಂದ ಮ್ಯಾಲೆ ಬರೆಸ್ರಿ. ಇವತ್ತೇ ಬೇಕಂತೇನಿಲ್ಲ. ಫೋನ್ ಹಚ್ಚಿ ಕರೀರಿ."

ನಾನು ಅಕ್ಕನ ತೋಳು ಮುಟ್ಟಿದೆ. ಪಕ್ಕದ ಮನೆಯಾಕೆ ಬರೆದುಕೊಟ್ಟಾಳು, ಹೆಬ್ಬೆಟ್ಟು ಒತ್ತಿಯಾಳು ಎಂದು ಮನಸ್ಸು ಆಗಲೇ ಓಡುತ್ತಿತ್ತು.

"ಇನ್ನೊಮ್ಮೆ ಕರಿಯಾಕ ಆಗಂಗಿಲ್ರಿ," ಎಂದಳು ಅಕ್ಕ. "ತೀರ್ಕೊಂಡಾರ. ಅಲ್ಲಿ ನಾ ಯಾವತ್ತೂ ಇರ್ಲಿಲ್ರಿ. ಒಂದಿನ ಉಣ್ಣಾಕ ಸುದ್ದಾ ಹೋಗ್ಲಿಲ್ಲ."

ಗುಮಾಸ್ತರು ಕನ್ನಡಕ ತೆಗೆದರು. ಹೇಳಿದ್ದನ್ನು ಕೇಳಲಿಲ್ಲ ಎಂಬಂತೆ ಸ್ವಲ್ಪ ಹೊತ್ತು ಕಾದರು. ಅವಳು ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಪದವಿಯ ಕಾಗದವನ್ನು ಅವಳ ಕಡೆಗೇ ಸರಿಸಿದರು.

ಕುರುಗೋಡಿನ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಕೂತಿದ್ದಳು. ಊರು ಬಿಟ್ಟ ಮೇಲೆ, ನನ್ನ ಕಡೆ ತಿರುಗದೆ ಕೇಳಿದಳು:

"ಅವತ್ತು ಓ ಅಂದಾಂವ ನೀನಾ ಹೌದಲ್ಲೋ?"

"ಹೂಂ. ನಾನಾ."

"ಅತ್ತಿ ದನಿ ತೆಗದು ಅಣಕಿಸಿದೇನಲೇ, ಕತ್ತೆ!" ಎಂದು ನನ್ನ ತೊಡೆಗೊಂದು ಹೊಡೆದಳು. ನಕ್ಕಳು. ಎಷ್ಟೋ ತಿಂಗಳ ಮೇಲೆ ನಕ್ಕಳು. ಆ ರಾತ್ರಿ ಚೆನ್ನಾಗಿ ನಿದ್ದೆ ಹತ್ತಿತೆಂದು ಮರುದಿನ ಫೋನಿನಲ್ಲಿ ಹೇಳಿದಳು.

ಅಂದಿನಿಂದ ಆ ಮಧ್ಯಾಹ್ನವನ್ನು ನೆನೆದಾಗೆಲ್ಲ ನನ್ನ ಬಾಯಿ ತೆರೆದದ್ದು ಕಾಣುತ್ತದೆ, ಗಂಟಲು ಅದುರಿದ್ದು ಗೊತ್ತಾಗುತ್ತದೆ. ದನಿ ಮಾತ್ರ ಇನ್ನೂ ಹಿಂದುಗಡೆಯಿಂದಲೇ ಬರುತ್ತದೆ.