ಘಾಟಿಯ ಹೊರೆಗಲ್ಲು

“ಏಯ್, ಕೆಡವಬೇಡ ಮಾರಾಯ!”

ನಾನು ಎತ್ತಿದ ಸುತ್ತಿಗೆ ಹಾಗೇ ನಿಂತಿತು. ಚಾರ್ಮಾಡಿ ಘಾಟಿಯಲ್ಲಿ ಇಂಜಿನ್ ತಣಿಯಲೆಂದು ನಿಲ್ಲಿಸಿದ್ದ ಬಸ್ಸಿನಿಂದ ಇಳಿದು, ಬಿಳಿ ಟೋಪಿಯ ವಯಸ್ಸಾದ ಸಾಹೇಬರೊಬ್ಬರು ನನ್ನತ್ತ ಓಡಿ ಬರುತ್ತಿದ್ದರು.

ಹೊಸ ಮೋರಿ ಮುಚ್ಚಲು ನನಗೊಂದು ಉದ್ದದ ಚಪ್ಪಡಿ ಬೇಕಿತ್ತು. ರಸ್ತೆ ಪಕ್ಕದ ಹಳೇ ಕಾಲುದಾರಿಯಲ್ಲಿ ಎರಡು ಕಂಬಗಳ ಮೇಲೆ ಆಳೆತ್ತರದಲ್ಲಿ ಅಂಥದ್ದೊಂದು ಕಲ್ಲು ಅಡ್ಡ ಮಲಗಿತ್ತು. ಯಾವುದೋ ಪಾಳುಮನೆಯ ಬಾಗಿಲು ಎಂದುಕೊಂಡಿದ್ದೆ, ಅವರಿಗೂ ಹಾಗೇ ಹೇಳಿದೆ.

“ಬಾಗಿಲಲ್ಲ ಅದು, ಹೊರೆಗಲ್ಲು. ಲಾರಿ ಬರೋಕೆ ಮುಂಚೆ ಒಣಮೀನು ಹೊತ್ಕೊಂಡು ಒಬ್ನೇ ಈ ಘಾಟಿ ಹತ್ತುತಿದ್ದೆ. ಸುಸ್ತಾಯ್ತು ಅಂತ ನೆಲಕ್ಕಿಳಿಸಿದ್ರೆ ಮತ್ತೆ ತಲೆಗೆ ಎತ್ತಿಕೊಡೋರು ಯಾರು, ನಿನ್ನಜ್ಜನಾ?”

ನನ್ನ ಜಲ್ಲಿ ಬುಟ್ಟಿಯನ್ನು ನನ್ನ ತಲೆಗೇ ಏರಿಸಿ, ಕಲ್ಲಿನ ಬಳಿ ನಿಲ್ಲಿಸಿದರು. ನಾನು ಬೆನ್ನು ಬಗ್ಗಿಸದೆಯೇ ಬುಟ್ಟಿ ಕಲ್ಲಿನ ಮೇಲೆ ಜಾರಿತು. ಹಾಗೆಯೇ ತಲೆಗೆ ಮರಳಿತು.

“ಸರಿ ಸಾಹೇಬ್ರೇ, ನನ್ನ ಮೋರಿಗೆ ಕಲ್ಲು?”

“ಯಾಕೆ, ನಿಂಗೆ ಕಡಿಯೋಕೆ ಬರೋದಿಲ್ವಾ?” ಎಂದು ನಕ್ಕು ಬಸ್ಸು ಹತ್ತಿದರು.

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟು ಉಳಿ ಹಿಡಿದವನು ನಾನು. ಆ ಮಾತು ಸರಿಯಾಗಿಯೇ ನಾಟಿತು. ಮೋರಿಗೆ ಹೊಸ ಚಪ್ಪಡಿ ಕಡಿದೆ, ವಾಲಿದ್ದ ಹೊರೆಗಲ್ಲಿನ ಕಂಬವನ್ನೂ ನೆಟ್ಟಗೆ ನಿಲ್ಲಿಸಿದೆ. ಮೊನ್ನೆ ನಾನು ಅದೇ ದಾರಿಯಲ್ಲಿ ಬರುವಾಗ ಸೌದೆ ಹೊತ್ತ ಹೆಂಗಸೊಬ್ಬಳು ಅದರ ಮೇಲೆ ಹೊರೆ ಜಾರಿಸಿ, ಸೆರಗಿನಿಂದ ಬೆವರು ಒರೆಸಿಕೊಂಡು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಯಾರನ್ನೂ ಕರೆಯದೆ ತಾನೇ ತಲೆಗೇರಿಸಿಕೊಂಡು ನಡೆದಳು.