ಉಬ್ಬರದ ಹೊತ್ತಿನ ದರ

ದೋಣಿಗೆ ಇನ್ನೂರು ಡಾಲರ್ ಹೇಳಿದ್ದರು. ನಾನು ತೊಂಬತ್ತಕ್ಕೆ ಇಳಿಸಿದೆ. ಬೆಳಗಿನ ಸವಾರಿ ಬಿಟ್ಟು, ಯಾರೂ ಕೇಳದ ಮಧ್ಯಾಹ್ನದ ಸವಾರಿ ಹಿಡಿದೆ, ಅಷ್ಟೇ. ಕತಾರಿನ ಉಮ್ಮ್ ಸಲಾಲಿನಲ್ಲಿ ಇಪ್ಪತ್ತೆಂಟು ವರ್ಷ ಪರದೆ ಬಟ್ಟೆ ಮಾರಿದವನಿಗೆ ಇಷ್ಟೂ ಬಾರದಿದ್ದರೆ ಹೇಗೆ?

ಹೋಗಿದ್ದು ಮಾಲ್ಡೀವ್ಸಿನ ದಕ್ಷಿಣ ತುದಿಯ ಹವಳದ್ವೀಪಕ್ಕೆ, ಹೆಂಡತಿ ಸಫಿಯಾಳ ಆಸೆಗೆ. ಅಲ್ಲಿನ ಹಾಲುಬಿಳುಪಿನ ಕಡಲಹಕ್ಕಿಯೊಂದು ಗೂಡನ್ನೇ ಕಟ್ಟುವುದಿಲ್ಲ. ಬೋಳು ಕೊಂಬೆಯ ಮೇಲೆ ಒಂದೇ ಒಂದು ಮೊಟ್ಟೆ ಇಟ್ಟು ಕೂರುತ್ತದೆ. ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಆ ಚಿತ್ರ ತೋರಿಸಿ, "ಒಂದು ದಿನ ನಾನೇ ನೋಡಿ ಬಂದು ಹೇಳ್ತೇನೆ" ಎಂದು ಇವಳು ವರ್ಷವರ್ಷವೂ ಮಾತು ಕೊಡುತ್ತಾ ಬಂದಿದ್ದಳು. ಅಡ್ವಾನ್ಸ್ ಇಲ್ಲದೆ ಒಂದು ಕೋಣೆಯೂ ಸಿಗದ ಊರಿನಲ್ಲಿರುವ ನನಗೂ ಆ ಹಕ್ಕಿಯ ಧೈರ್ಯ ಹಿಡಿಸಿತ್ತು.

ದೋಣಿಯವನು ಹಿಂದಿಯಲ್ಲಿ ಹೇಳಿಯೇ ಇದ್ದ: "ಬೆಳಿಗ್ಗೆ ಬನ್ನಿ ಭಾಯ್. ಮಧ್ಯಾಹ್ನ ನೀರು ಇಳಿಯುತ್ತದೆ, ಎಲ್ಲಾ ಕಡೆ ಹೋಗಲು ಆಗುವುದಿಲ್ಲ." ದರ ಏರಿಸುವ ಉಪಾಯವೆಂದು ನಕ್ಕುಬಿಟ್ಟೆ. ಗಿರಾಕಿಗಳಿಗೆ "ಇದೇ ಲಾಸ್ಟ್ ಪೀಸ್" ಎಂದು ಹೇಳಿ ಹೇಳಿ, ಇನ್ನೊಬ್ಬರು ನಿಜ ಹೇಳಿದರೂ ನನಗದು ವ್ಯಾಪಾರವಾಗಿಯೇ ಕೇಳಿಸುತ್ತದೆ.

ಹವಳದ್ವೀಪವೆಂದರೆ ಒಂದು ಉಂಗುರ. ಎಂದೋ ಮುಳುಗಿದ ಬೆಂಕಿಬೆಟ್ಟದ ಸುತ್ತ ಸಾಸಿವೆಯಷ್ಟು ಜೀವಿಗಳು ಎಬ್ಬಿಸಿದ ಗೋಡೆ ಅದು. ಹೊರಗೆ ಕಪ್ಪು ಕಡಲು, ಒಳಗೆ ತಿಳಿಹಸಿರು ನೀರು. ಹಕ್ಕಿಗಳ ಪುಟ್ಟ ನಡುಗಡ್ಡೆಯ ಸುತ್ತಲೂ ಹವಳದ ದಿಬ್ಬ; ಉಬ್ಬರವಿದ್ದಾಗ ಮಾತ್ರ ದೋಣಿ ಅದನ್ನು ದಾಟುತ್ತದೆ. ಉಳ್ಳಾಲದ ಅಳಿವೆಯ ಪಕ್ಕದಲ್ಲೇ ಹುಟ್ಟಿದ ನನಗೆ ಇದನ್ನು ಬೇರೆಯವರು ಹೇಳಿಕೊಡಬೇಕೇ?

ನಾವು ಮುಟ್ಟುವಾಗ ಹವಳ ನೀರಿನಿಂದ ತಲೆ ಎತ್ತಿತ್ತು. ದೋಣಿ ನಿಂತಿತು. ದೂರದ ಮರಗಳ ಮೇಲೆ ಬಿಳಿ ಚುಕ್ಕೆಗಳು ಎದ್ದೆದ್ದು ಕೂರುತ್ತಿದ್ದವು.

"ನಡೆದು ಹೋಗಬಹುದಾ?" ಎಂದೆ.

"ನಿಮ್ಮ ಕಾಲೂ ಸೀಳುತ್ತದೆ, ಹವಳವೂ ಸಾಯುತ್ತದೆ."

"ಇನ್ನೂ ನೂರು ಕೊಡ್ತೇನೆ, ಏನಾದ್ರೂ ಮಾಡು."

"ಯಾರಿಗೆ ಕೊಡುತ್ತೀರಿ, ನೀರಿಗಾ?" ಎಂದ.

ಸಫಿಯಾ ಹುಬ್ಬಿಗೆ ಕೈ ಅಡ್ಡ ಹಿಡಿದು ತುಂಬ ಹೊತ್ತು ನೋಡಿದಳು. "ಬಿಡಿ ಮಾರಾಯ್ರೆ, ಹಕ್ಕಿ ಕಂಡಿತಲ್ಲ" ಎಂದಳು. ಮೊಟ್ಟೆಯ ಸುದ್ದಿ ಎತ್ತಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮರುದಿನ ಬೆಳಿಗ್ಗೆಯೇ ವಿಮಾನ. ಈಗ ಅವಳ ಮೊಣಕಾಲು ಮನೆಯ ಮೆಟ್ಟಿಲನ್ನೇ ಒಪ್ಪುವುದಿಲ್ಲ, ಇನ್ನು ದೋಣಿಯ ಮಾತೆಲ್ಲಿ?

ನೀವು ಹೋಗುವವರಾದರೆ ಕೇಳಿ. ಹೋಟೆಲಿನವರ ಹತ್ತಿರ ಚೌಕಾಸಿ ಮಾಡಿ, ಊಟಕ್ಕೆ ಮಾಡಿ, ಕೊಡೆಯ ಬಾಡಿಗೆಗೆ ಬೇಕಾದರೆ ಜಗಳವನ್ನೇ ಆಡಿ. ದೋಣಿಯವನ ಬಳಿ ಮಾತ್ರ ಮೊದಲು ನೀರಿನ ಹೊತ್ತು ಕೇಳಿ, ಆಮೇಲೆ ದರ. ಜೊತೆಗೆ ಬಂದವರು ಏನು ನೋಡಲು ಬಂದಿದ್ದಾರೆಂಬುದನ್ನೂ ಅವನಿಗೆ ಬಾಯಿಬಿಟ್ಟು ಹೇಳಿಬಿಡಿ. ಆಸೆ ತೋರಿಸಿದರೆ ದರ ಏರುತ್ತದೆಂದು ಹೆದರಿ ನಾನು ಅದನ್ನು ಹೇಳಿರಲಿಲ್ಲ.