ಮಲಗಿದ್ದ ಅಪ್ಪನನ್ನು ಎಬ್ಬಿಸಿ ಕೂರಿಸಿದ್ದು

ನಾಗಪುರಕ್ಕೆ ಬಂದ ಮೂರನೆಯ ವರ್ಷ ನಮ್ಮ ರೈಲ್ವೆ ಕ್ವಾರ್ಟರ್ಸಿನ ಹೊರಕೋಣೆಯಲ್ಲಿ ಮಕ್ಕಳಿಗೆ ಚಿತ್ರ ಕಲಿಸಲು ಶುರುಮಾಡಿದೆ. ಹುಬ್ಬಳ್ಳಿಯಲ್ಲಿ ಮಾಡಿಕೊಂಡಿದ್ದ ಚಿತ್ರಕಲೆಯ ಡಿಪ್ಲೊಮಾ ಮದುವೆಯಾದ ಮೇಲೆ ಟ್ರಂಕಿನ ತಳ ಸೇರಿತ್ತು. ಯಜಮಾನರೇ ಒಂದು ದಿನ, ‘ಸುಮ್ಮನ ಕೂಡೂದ್ಯಾಕ, ಓಣಿ ಹುಡುಗರಿಗೆ ಏನರ ಕಲಸು’ ಅಂದರು. ಭಾನುವಾರ ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಹನ್ನೆರಡು ಮಕ್ಕಳು ಚಾಪೆಯ ಮೇಲೆ ಕೂರುತ್ತಿದ್ದರು. ಮರಾಠಿ ರೂಢಿಯಂತೆ ನನ್ನನ್ನು ‘ಕಾಕು’, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು.

ಮೊದಮೊದಲು ಪಾಠಕ್ಕಿಂತ ಆಟವೇ ಹೆಚ್ಚು. ಬೆಂಡೆಕಾಯಿಯನ್ನು ಅಡ್ಡ ಕೊಯ್ದು ಬಣ್ಣದಲ್ಲಿ ಅದ್ದಿ ಒತ್ತಿದರೆ ಹೂವು. ಬಣ್ಣದಲ್ಲಿ ನೆನೆದ ದಾರವನ್ನು ಮಡಚಿದ ಹಾಳೆಯೊಳಗಿಟ್ಟು ಸರ್ರನೆ ಎಳೆದರೆ ಹೆಸರಿಲ್ಲದ ಯಾವುದೋ ಪ್ರಾಣಿ. ಚಳಿಗಾಲದಲ್ಲಿ ಎಲ್ಲರ ಮನೆಯಲ್ಲೂ ಕಿತ್ತಳೆ ಸಿಪ್ಪೆ ರಾಶಿ ಬಿದ್ದಿರುತ್ತಿತ್ತು. ಅದನ್ನು ಹರಿದು ರಟ್ಟಿಗೆ ಅಂಟಿಸಿ ಹುಲಿ ಮಾಡುತ್ತಿದ್ದೆವು. ಎರಡೇ ದಿನಕ್ಕೆ ಒಣಗಿ ಮುದುಡಿ ಹುಲಿಗೆ ವಯಸ್ಸಾಗುತ್ತಿತ್ತು. ಮಕ್ಕಳಿಗೆ ಅದೂ ನಗುವ ಸಂಗತಿಯೇ.

ಆಮೇಲೆ ನಾನು ಕೆಟ್ಟೆ. ಪಕ್ಕದ ಕಾಲೊನಿಯ ಡ್ರಾಯಿಂಗ್ ಕ್ಲಾಸಿನ ಇಬ್ಬರು ಮಕ್ಕಳಿಗೆ ಸ್ಪರ್ಧೆಯೊಂದರಲ್ಲಿ ಬಹುಮಾನ ಬಂತು. ನಮ್ಮ ಮಕ್ಕಳ ತಾಯಂದಿರು ಬಾಗಿಲಲ್ಲಿ ನಿಂತು, ‘ಇವರಿಗೆ ಯಾವಾಗ ಸಿಗ್ತದ್ರಿ?’ ಎಂದು ಕೇಳತೊಡಗಿದರು. ಕಿತ್ತಳೆ ಹುಲಿ ಬಿಟ್ಟು ಸ್ಕೇಲು, ಅಳತೆ, ನೆರಳು ಹಿಡಿದೆ.

ಮಕ್ಕಳಲ್ಲಿ ಒಬ್ಬಳು ಆರನೇ ಇಯತ್ತೆಯ ಹುಡುಗಿ. ಕಲಬುರಗಿ ಕಡೆಯವರು. ತಂದೆಗೆ ಉಮರೇಡ್ ಹತ್ತಿರದ ಕಲ್ಲಿದ್ದಲ ಗಣಿಯಲ್ಲಿ ಕೆಲಸ. ವಾರವಿಡೀ ಅಲ್ಲೇ ಇದ್ದು ಶನಿವಾರ ಸಂಜೆ ಮನೆಗೆ ಬರುತ್ತಿದ್ದರು. ಹುಡುಗಿ ಮಾತು ಕಡಿಮೆ, ಬಿಡಿಸುವುದು ನಿಧಾನ. ಎಲ್ಲರೂ ಮುಗಿಸಿ ಕೈ ತೊಳೆಯುವಾಗ ಅವಳು ಇನ್ನೂ ಪೆನ್ಸಿಲ್ ಕಚ್ಚುತ್ತ ಕೂತಿರುತ್ತಿದ್ದಳು.

ಆ ವರ್ಷ ಸ್ಪರ್ಧೆಯ ವಿಷಯ ‘ನನ್ನ ಭಾನುವಾರ’. ಉಳಿದವರು ಉದ್ಯಾನ, ಉಯ್ಯಾಲೆ, ಐಸ್‌ಕ್ರೀಮ್ ಗಾಡಿ ಬಿಡಿಸಿದರು. ಇವಳ ಹಾಳೆ ತುಂಬ ಒಬ್ಬ ಮನುಷ್ಯ ಮಲಗಿದ್ದ. ಹಾಳೆಯ ಈ ಅಂಚಿನಿಂದ ಆ ಅಂಚಿನವರೆಗೆ ಅವಳ ಅಪ್ಪ. ಉಗುರುಗಳ ಸುತ್ತ ಕಪ್ಪು. ಕೆಳಗೆ ಇರುವೆಯಷ್ಟು ಚಿಕ್ಕವರಾಗಿ ಅವಳೂ ತಾಯಿಯೂ ತಮ್ಮನೂ ತುದಿಗಾಲಲ್ಲಿ ನಡೆಯುತ್ತಿದ್ದರು.

‘ಇಷ್ಟು ದೊಡ್ಡಾವ್ರು ಯಾಕ?’ ಎಂದೆ.

‘ಮಲಗಿದಾಗ ಹಂಗ ಕಾಣಸ್ತಾರ್ರಿ ಕಾಕು. ಸಪ್ಪಳ ಮಾಡಬಾರದು,’ ಎಂದಳು.

ಚಿತ್ರಗಳನ್ನು ಮರುದಿನ ತಲುಪಿಸಬೇಕಿತ್ತು. ಮಕ್ಕಳು ಹೋದ ಮೇಲೆ ಅವಳ ಹಾಳೆಯನ್ನು ಮೇಜಿನ ಮೇಲಿಟ್ಟುಕೊಂಡೆ. ಕೈಯೊಂದನ್ನು ಸರಿಮಾಡೋಣ ಅಂತ ರಬ್ಬರ್ ಹಿಡಿದೆ, ಅಷ್ಟೆ. ಕೈ ಸರಿಹೋದ ಮೇಲೆ ಭುಜ ತಪ್ಪು ಕಂಡಿತು. ಭುಜ ತಿದ್ದಿದ ಮೇಲೆ ಮಂಚ. ಊಟದ ಹೊತ್ತು ಮೀರಿತ್ತು. ನಾನು ಎದ್ದಾಗ ಅವಳ ಅಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತು ಪೇಪರ್ ಓದುತ್ತಿದ್ದರು, ತಾಯಿಯೂ ಮಕ್ಕಳೂ ಅಳತೆಗೆ ತಕ್ಕಂತೆ ಪಕ್ಕದಲ್ಲಿ ನಿಂತಿದ್ದರು, ಕಿಟಕಿಯಾಚೆ ಹಣ್ಣು ತುಂಬಿದ ಕಿತ್ತಳೆ ಗಿಡವಿತ್ತು. ಉಗುರಿನ ಕಪ್ಪನ್ನೂ ಅಳಿಸಿದ್ದೆ. ಚಿತ್ರ ಅವಳದೇ, ನಾನು ಸಹಾಯ ಮಾಡಿದ್ದೇನೆ ಎಂದೇ ಅಂದುಕೊಂಡಿದ್ದೆ.

ಮೊದಲನೇ ಬಹುಮಾನ ಬಂತು.

ಬಹುಮಾನ ಕೊಡುವ ದಿನ ಚಿತ್ರಗಳನ್ನೆಲ್ಲ ಸಭಾಂಗಣದ ಗೋಡೆಗೆ ಹಚ್ಚಿದ್ದರು. ಹುಡುಗಿ ತನ್ನ ಹೆಸರಿದ್ದ ಚಿತ್ರದ ಮುಂದೆ ಬಹಳ ಹೊತ್ತು ನಿಂತಳು. ನಾನು ಹತ್ತಿರ ಹೋದಾಗ, ‘ಕಾಕು, ಇದು ನಂದೇನು?’ ಎಂದು ಕೇಳಿದಳು.

‘ಮತ್ತ ಯಾರದು? ನಾ ಚೂರು ಬರೋಬರ್ ಮಾಡೀನಿ ಅಷ್ಟ.’

ಅಷ್ಟರಲ್ಲಿ ಅವಳ ಅಪ್ಪ ಬಂದರು. ರಜೆ ಹಾಕಿ, ಇಸ್ತ್ರಿ ಅಂಗಿ ತೊಟ್ಟು ಬಂದಿದ್ದರು. ಚಿತ್ರ ನೋಡಿ ಅವರ ಮುಖ ಅರಳಿತು. ‘ಮನಿಗೆ ಬಂದ್ರ ನಾ ಬರೇ ಮಲಗೋದು ನೋಡ್ರಿ ಅಕ್ಕಾರ. ಇಕಿ ನನ್ನ ಕೈಯಾಗ ಪೇಪರ್ ಕೊಟ್ಟು ಕುಂದ್ರಿಸ್ಯಾಳ,’ ಎಂದು ಮಗಳ ತಲೆಯ ಮೇಲೆ ಕೈಯಿಟ್ಟರು. ಹುಡುಗಿ ನನ್ನ ಮುಖ ನೋಡಿದಳು. ನಾನು ಆಗಲೇ ಹೇಳಿಬಿಡಬಹುದಿತ್ತು. ನಕ್ಕೆ.

ಎರಡು ತಿಂಗಳಲ್ಲಿ ಅವಳು ಬರುವುದನ್ನು ಬಿಟ್ಟಳು. ‘ಟ್ಯೂಷನ್ ಹಚ್ಚೀವ್ರಿ’ ಎಂದರು ತಾಯಿ. ನಾನು ನಂಬಿದೆ. ನಂಬುವುದು ಸುಲಭವೂ ಆಗಿತ್ತು.

ಹನ್ನೊಂದು ವರ್ಷವಾದ ಮೇಲೆ, ಹೋದ ಚಳಿಗಾಲದ ಒಂದು ಮಧ್ಯಾಹ್ನ, ಸದರ್ ಬಜಾರಿನಲ್ಲಿ ಡ್ರಾಯಿಂಗ್ ಹಾಳೆ ಕೊಂಡು ಹೊರಬರುವಾಗ ‘ಕಾಕು’ ಎಂದು ಯಾರೋ ಕರೆದರು. ತಿರುಗಿದರೆ ಅದೇ ಹುಡುಗಿ. ಕೊರಳಲ್ಲಿ ಆಫೀಸಿನ ಕಾರ್ಡು, ಹೆಗಲಲ್ಲಿ ಲ್ಯಾಪ್‌ಟಾಪಿನ ಚೀಲ. ಮಿಹಾನ್‌ನ ಐಟಿ ಕಂಪನಿಯೊಂದರಲ್ಲಿ ಕೆಲಸ, ಕಂಪನಿ ಗಾಡಿಗೆ ಕಾಯುತ್ತಿದ್ದೇನೆ ಎಂದಳು. ಕನ್ನಡ ಶುರುಮಾಡಿ ಮರಾಠಿಗೆ ಜಾರಿ ಮತ್ತೆ ಕನ್ನಡಕ್ಕೆ ಬರುತ್ತಿದ್ದಳು.

‘ಚಿತ್ರ ತೆಗೀತಿಯೇನವ್ವ ಈಗ?’

‘ಇಲ್ರಿ. ಆವಾಗನ ಬಿಟ್ಟೆ.’

ಯಾಕೆಂದು ನಾನು ಕೇಳಬಾರದಿತ್ತು. ಕೇಳಿದೆ. ಅವಳು ಸಿಟ್ಟಿಲ್ಲದೆ ಹೇಳಿದಳು. ಬಹುಮಾನದ ಸುದ್ದಿ ತಿಳಿದು ಶಾಲೆಯ ಟೀಚರು ಅವಳನ್ನು ಇಡೀ ವರ್ಗದ ಮುಂದೆ ನಿಲ್ಲಿಸಿ, ಅದೇ ಚಿತ್ರವನ್ನು ಹಲಗೆಯ ಮೇಲೆ ತೆಗಿ ಎಂದಿದ್ದರು. ‘ಕುರ್ಚಿ ಬರಲಿಲ್ರಿ. ಕೂತ ಮನುಷ್ಯಾನ ಕಾಲು ಹೆಂಗ ಮಡಸ್ತಾವ ನನಗ ಗೊತ್ತಿರಲಿಲ್ಲ. ಸೀಮೆಸುಣ್ಣ ಹಿಡಕೊಂಡು ನಿಂತಬಿಟ್ಟೆ. ಹುಡುಗ್ರು ಖೋಟೀ ಖೋಟೀ ಅಂತ ವರ್ಷಪೂರ್ತಿ ಕಾಡಿದ್ರು.’

‘ಮನ್ಯಾಗ ಹೇಳಲಿಲ್ಲೇನು?’

‘ಅಪ್ಪ ಫ್ರೇಮ್ ಹಾಕ್ಸಿದ್ರಲ್ರಿ. ಹೆಂಗ ಹೇಳೋದು? ಈಗೂ ಐತಿ. ಬಂದವರಿಗೆಲ್ಲ ತೋರಸ್ತಾರ.’

ಹಾಳೆಯ ಸುರುಳಿ ನನ್ನ ಕೈಯಲ್ಲಿ ನುಜ್ಜಾಗಿತ್ತು. ‘ನಾ ಬಂದು ಅವರಿಗೆ ಖರೇ ಹೇಳಲೇನು?’ ಎಂದೆ.

ಅವಳು ಗಾಬರಿಯಾದಳು. ‘ಬ್ಯಾಡ್ರಿ ಕಾಕು. ಈಗ ರಿಟೈರ್ ಆಗ್ಯಾರ. ಮುಂಜಾನೆ ಅದರ ಕೆಳಗ ಕುರ್ಚಿ ಹಾಕ್ಕೊಂಡು ಪೇಪರ್ ಓದ್ತಾರ. ಇರ್ಲಿ ಬಿಡ್ರಿ.’

‘ನನಗ ಗೊತ್ತಿರಲಿಲ್ಲವ್ವ,’ ಎಂದೆ. ಅವಳು ತಲೆಯಾಡಿಸಿ, ಫೋನ್ ನಂಬರ್ ಕೊಟ್ಟು, ‘ಜಲ್ದಿ ಒಮ್ಮೆ ಬರ್ರಿ ಮನಿಗೆ’ ಎಂದಳು. ಗಾಡಿ ಬಂತು, ಹತ್ತಿ ಹೋದಳು.

ಮನೆಗೆ ಬಂದ ಮೇಲೆ ನಾನಾಡಿದ ಮಾತು ನೆನಪಾಯಿತು. ಗೊತ್ತಿರಲಿಲ್ಲ ಎಂಬುದು ಅರ್ಧ ಸುಳ್ಳು. ಅಂದು ಆ ಸಭಾಂಗಣದಲ್ಲಿ ಹುಡುಗಿ ನನ್ನ ಮುಖ ನೋಡಿದಾಗಲೇ ನನಗೆ ಗೊತ್ತಾಗಿತ್ತು. ತಪ್ಪಾಯಿತು ಎಂಬ ಒಂದು ಮಾತು ಹೇಳಬೇಕಿತ್ತು, ರಸ್ತೆಯ ಮೇಲೆ ನಿಂತೇ ಹೇಳಬಹುದಿತ್ತು.

ನಾಲ್ಕು ತಿಂಗಳಾಗಿದೆ. ಎರಡು ಸಲ ಅವಳ ನಂಬರ್ ತೆಗೆದು ನೋಡಿದ್ದೇನೆ. ನಾನು ಏನು ಹೇಳಿದರೂ ಅವಳು ಇರ್ಲಿ ಬಿಡ್ರಿ ಅನ್ನುತ್ತಾಳೆ, ಅಷ್ಟು ಒಳ್ಳೆಯ ಹುಡುಗಿ. ಅದನ್ನು ಇನ್ನೊಮ್ಮೆ ಕೇಳುವ ಧೈರ್ಯ ನನಗೆ ಬಂದಿಲ್ಲ.